ಆ ವಿಮಾನದಲ್ಲಿ ಆತ ಇರಲೇ ಇಲ್ಲ

ವಿಮಾನದ ಬಗ್ಗೆ ಹುಟ್ಟಿದ ಗಾಳಿಮಾತಿಗೆ ಆಯುಸ್ಸು ಜಾಸ್ತಿ. ಸಿಟಿ ಬಸ್ಸಿನಲ್ಲಿ ಕಂಡಕ್ಟರನಿಗೂ ಪ್ರಯಾಣಿಕನಿಗೂ ಜಗಳವಾದರೆ ಸ್ಟೇಟ್‌ಬ್ಯಾಂಕ್ ನಿಲ್ದಾಣ ಬರುವುದರೊಳಗೆ ಎಲ್ಲರೂ ಮರೆತಿರುತ್ತಾರೆ. ಅದೇ ಜಗಳ ವಿಮಾನದೊಳಗೆ ನಡೆಯಿತು ಎಂದಾದರೆ ಹತ್ತು ವರ್ಷವಾದರೂ ಸಾಯುವುದಿಲ್ಲ. ಇನ್ನು ಜಗಳವಾಡಿದವನಿಗೆ ಗಡ್ಡ ಉಂಟು, ತಲೆಗೆ ಟೊಪ್ಪಿ ಉಂಟು ಎಂದು ಯಾರಾದರೂ ಸೇರಿಸಿಬಿಟ್ಟರೆ ಕೇಳುವುದೇ ಬೇಡ.

ನಮ್ಮ ಓದುಗರಲ್ಲಿ ಕಪಾಟಿನೊಳಗೆ ಒಂದು ಪಾಸ್‌ಪೋರ್ಟ್ ಇಲ್ಲದ ಮನೆ ಅಪರೂಪ. ಮಗ ದುಬೈಯಲ್ಲಿ, ಅಳಿಯ ದಮ್ಮಾಮಿನಲ್ಲಿ, ಉಮ್ಮ ಉಮ್ರಾಕ್ಕೆ ಹೋಗಿ ಬಂದವರು. ವಿಮಾನ ನಮಗೆ ಶ್ರೀಮಂತರ ವಾಹನವಲ್ಲ, ಕೆಲಸಕ್ಕೆ ಹೋಗುವ ಬಸ್ಸಿದ್ದ ಹಾಗೆ. ಹಾಗಾಗಿ ವಿಮಾನದೊಳಗೆ ‘ಇವರು’ ಎಂತದೋ ಮಾಡಿದರಂತೆ ಎಂಬ ಕತೆ ಲೋಕದ ಯಾವ ಮೂಲೆಯಲ್ಲಿ ಹುಟ್ಟಿದರೂ ಅದರ ಬಿಸಿ ನಮ್ಮ ಸೀಟಿನ ತನಕ ಬಂದೇ ಬರುತ್ತದೆ. ಅಂಥ ಕತೆಗಳಲ್ಲಿ ಒಂದನ್ನು ಈ ವಾರ ಬಿಚ್ಚಿ ನೋಡುವ ಎಂದುಕೊಂಡಿದ್ದೇವೆ. ನಡೆದದ್ದು ಅಮೆರಿಕದಲ್ಲಿ, 2009ರಲ್ಲಿ. ಹಳೆಯದಾಯಿತಲ್ಲ ಎನ್ನಬೇಡಿ. ಅದೇ ಅಚ್ಚಿನಲ್ಲಿ ಎರಕ ಹೊಯ್ದ ಕತೆಗಳು ಈಗಲೂ ಫೋನಿಗೆ ಬಂದು ಬೀಳುತ್ತಿವೆ.

2009ರ ನವೆಂಬರ್ 17ರಂದು ಏರ್‌ಟ್ರಾನ್ ಕಂಪೆನಿಯ 297 ನಂಬರಿನ ವಿಮಾನ ಅಟ್ಲಾಂಟದಿಂದ ಹ್ಯೂಸ್ಟನ್‌ಗೆ ಹೊರಟಿತು. ರನ್‌ವೇ ಕಡೆ ಸಾಗುತ್ತಿದ್ದಾಗಲೇ ತಿರುಗಿ ಗೇಟಿಗೆ ಬಂತು. ಎರಡು ಗಂಟೆಗೂ ಹೆಚ್ಚು ತಡವಾಗಿ ಮತ್ತೆ ಹೊರಟಿತು. ಇಷ್ಟರಲ್ಲಿ ಯಾರಿಗೂ ತಕರಾರಿಲ್ಲ.

ಕೆಲವೇ ದಿನಗಳಲ್ಲಿ ಒಂದು ಇಮೇಲ್ ಅಮೆರಿಕದ ತುಂಬ ಹರಡಿತು. ಬರೆದಾತ ತಾನು ಅದೇ ವಿಮಾನದಲ್ಲಿದ್ದೆ ಎನ್ನುತ್ತಾನೆ. ಅವನ ಪ್ರಕಾರ ಪೂರ್ತಿ ಮುಸ್ಲಿಂ ಉಡುಪಿನ ಹನ್ನೊಂದು ಗಂಡಸರು ಹತ್ತಿದರು. ಕೆಲವರು ಮುಂದೆ ಕೂತರು, ಉಳಿದವರು ಹಿಂದೆ. ವಿಮಾನ ಚಲಿಸುವಾಗ ಒಬ್ಬ ಗಟ್ಟಿಯಾಗಿ ಅರಬಿಯಲ್ಲಿ ಫೋನಿನಲ್ಲಿ ಮಾತಾಡತೊಡಗಿದ. ಬೇಡ ಎಂದ ಗಗನಸಖಿಯನ್ನು ಹೀನವಾಗಿ ಬೈದ. ಇನ್ನು ಕೆಲವರು ಅಶ್ಲೀಲ ವೀಡಿಯೊ ನೋಡುತ್ತಿದ್ದರು. ಎಲ್ಲರೂ ಒಟ್ಟಿಗೆ ಎದ್ದು ಓಡಾಡತೊಡಗಿದಾಗ ಈ ಬರಹಗಾರನೂ ಇನ್ನೊಬ್ಬ ಧೈರ್ಯಶಾಲಿಯೂ ಎದ್ದು ಎದುರು ನಿಂತರು. ವಿಮಾನ ವಾಪಸಾಯಿತು, ಆ ಗಂಡಸರನ್ನು ಇಳಿಸಿದರು. ಆಮೇಲೆ ಅಧಿಕಾರಿಗಳು ಅವರನ್ನೇ ಪುನಃ ಕರೆತಂದು ಕೂರಿಸಿದರು. ಇವರನ್ನು ಕರೆದುಕೊಂಡು ನಾವು ಹಾರುವುದಿಲ್ಲ ಎಂದು ಸಿಬ್ಬಂದಿ ಇಳಿದುಹೋದರು. ಇದೆಲ್ಲ ಮುಂದೆ ನಡೆಯಲಿರುವ ದೊಡ್ಡ ದಾಳಿಯ ತಾಲೀಮು, ಸರಕಾರ ಮುಚ್ಚಿಡುತ್ತಿದೆ, ಎಲ್ಲರಿಗೂ ಕಳಿಸಿ ಎಂದು ಪತ್ರ ಮುಗಿಯುತ್ತದೆ.

ಓದಿದವರು ಕಳಿಸಿದರು. ಮಾವನಿಗೆ, ಚರ್ಚಿನ ಗುಂಪಿಗೆ, ಆಫೀಸಿನವರಿಗೆ. ಆಗ ವಾಟ್ಸಪ್ ಇನ್ನೂ ಕೂಸು, ಇಮೇಲಿನ ಕಾಲ. ವೇಗ ಮಾತ್ರ ಏನೂ ಕಡಿಮೆ ಇರಲಿಲ್ಲ.

ಕಂಪೆನಿ ಕೊನೆಗೆ ತನ್ನ ದಾಖಲೆ ತೆಗೆದು ಉತ್ತರ ಕೊಟ್ಟಿತು. ಒಬ್ಬ ಪ್ರಯಾಣಿಕ ವಿಮಾನ ಚಲಿಸುತ್ತಿರುವಾಗ ಕೈಯಲ್ಲಿದ್ದ ಎಲೆಕ್ಟ್ರಾನಿಕ್ ಉಪಕರಣವನ್ನು ಆಫ್ ಮಾಡಲಿಲ್ಲ. ಗಗನಸಖಿ ಹೇಳಿದ್ದು ಅವನಿಗೆ ಅರ್ಥವಾಗಲಿಲ್ಲ, ಅವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಜೊತೆಗೆ ದುಭಾಷಿಯೊಬ್ಬ ಇದ್ದ. ಗೇಟಿಗೆ ವಾಪಸ್ ಬಂದು ಇಬ್ಬರನ್ನೂ ಇಳಿಸಿ ಮಾತಾಡಿಸಿದರು, ತೊಂದರೆ ಏನಿಲ್ಲ ಎಂದು ಕಂಡದ್ದರಿಂದ ಮತ್ತೆ ಹತ್ತಿಸಿದರು. ಈ ಗಲಾಟೆಯಲ್ಲಿ ಬೇರೆ ಕೆಲವು ಪ್ರಯಾಣಿಕರು ನಮಗೆ ಈ ವಿಮಾನವೇ ಬೇಡ ಎಂದು ಇಳಿದರು.

ಇನ್ನೊಂದು ಮಾತನ್ನೂ ಕಂಪೆನಿ ಹೇಳಿತು. ಇಮೇಲ್ ಬರೆದಾತ 297ರಲ್ಲಿ ಇರಲೇ ಇಲ್ಲ. ಅವನಿಗೆ ಟಿಕೆಟ್ ಇದ್ದದ್ದು ಹೌದು. ಆದರೆ ಬೇರೆ ಊರಿನಿಂದ ಅಟ್ಲಾಂಟಕ್ಕೆ ಬಂದು ವಿಮಾನ ಬದಲಿಸಬೇಕಿತ್ತು. ಆ ಮೊದಲ ವಿಮಾನ ತಡವಾಗಿ ಇಳಿದದ್ದರಿಂದ 297 ಅವನಿಗೆ ತಪ್ಪಿಹೋಗಿತ್ತು ಎಂದು ದಾಖಲೆ ತೋರಿಸಿತು. ಯಾರನ್ನೋ ಹಿಡಿದು ನಿಲ್ಲಿಸಿದೆ ಎಂದು ಎದೆ ತಟ್ಟಿಕೊಂಡ ಮನುಷ್ಯನಿಗೆ ಆ ವಿಮಾನದ ಬಾಗಿಲೇ ತೆರೆದಿರಲಿಲ್ಲ.

ಇಲ್ಲಿಗೆ ಕತೆ ಮುಗಿಸಿ ನಕ್ಕುಬಿಡಬಹುದಿತ್ತು. ಆದರೆ ನ್ಯಾಯವಾಗಿ ನೋಡಿದರೆ ಮತ್ತೂ ಒಂದು ಸಂಗತಿ ಉಂಟು. ನಿಜವಾಗಿಯೂ ವಿಮಾನದೊಳಗೆ ಇದ್ದ ಕೆಲವರು ಕಂಪೆನಿಯ ಹೇಳಿಕೆ ತೀರಾ ತೆಳ್ಳಗಾಯಿತು ಎಂದರು. ಒಳಗೆ ಗೊಂದಲ ಇತ್ತು, ಸಿಬ್ಬಂದಿ ಹೆದರಿದ್ದರು, ನಾವೂ ಹೆದರಿದ್ದೆವು ಎಂದರು. ಅವರ ಮಾತನ್ನು ಸುಳ್ಳು ಎಂದು ತಳ್ಳಿಹಾಕಲು ನಮಗೆ ಕಾರಣ ಕಾಣುವುದಿಲ್ಲ. ಬೆಲ್ಟ್ ಕಟ್ಟಿಕೊಂಡು ಕೂತವರ ನಡುವೆ ಒಬ್ಬ ಹೇಳಿದ್ದು ಕೇಳುತ್ತಿಲ್ಲ, ಅವನ ಜೊತೆಯವರು ಬೇರೆ ಭಾಷೆಯಲ್ಲಿ ಮಾತಾಡುತ್ತಿದ್ದಾರೆ, ಸಿಬ್ಬಂದಿಯ ಮುಖ ಬಿಳಿಚಿದೆ ಎಂದರೆ ಯಾರಿಗಾದರೂ ಹೊಟ್ಟೆಯೊಳಗೆ ತಣ್ಣಗಾಗುತ್ತದೆ. ನಮಗೂ ಆಗುತ್ತದೆ. ಹೆದರಿಕೆ ನಿಜ. ಆದರೆ ಹೆದರಿಕೆ ನಿಜವಾದ ಮಾತ್ರಕ್ಕೆ ಹೆದರಿದ್ದಕ್ಕೆ ಕೊಟ್ಟ ಕಾರಣವೂ ನಿಜವಾಗುವುದಿಲ್ಲ. ಒಳಗಿದ್ದವರು ಹೇಳಿದ್ದು ಮೊದಲನೆಯದನ್ನು. ಹೊರಗಿದ್ದವನು ಬರೆದದ್ದು ಎರಡನೆಯದನ್ನು.

ಕಂಪೆನಿಯ ಉತ್ತರ ಬರುವ ಮೊದಲೇ ಆ ಪತ್ರವನ್ನು ಸ್ವಲ್ಪ ನಿಧಾನವಾಗಿ ಓದಿದವರಿಗೆ ಸಂಶಯ ಬರಬೇಕಿತ್ತು. ಪೂರ್ತಿ ದೀನಿ ಉಡುಪು ಹಾಕಿಕೊಂಡು, ನಾಲ್ಕು ಜನರ ಎದುರು ಅಶ್ಲೀಲ ವೀಡಿಯೊ ನೋಡುವ ಹನ್ನೊಂದು ಜನರ ಗುಂಪು ಎಂದರೆ ಎಂತದು ಮಾರಾಯ್ರೆ? ಬರೆದವನಿಗೆ ಮುಸ್ಲಿಮರ ಬಗ್ಗೆ ಕೇಳಿದ ಎಲ್ಲ ಕೆಟ್ಟ ಮಾತುಗಳನ್ನೂ ಒಂದೇ ಪಾತ್ರೆಗೆ ಹಾಕುವ ಅವಸರ. ಒಂದರ ಜೊತೆ ಇನ್ನೊಂದು ಸೇರುತ್ತದೋ ಇಲ್ಲವೋ ಎಂದು ನೋಡಲಿಲ್ಲ. ಇನ್ನು ಗುಟ್ಟಾಗಿ ದಾಳಿಯ ತಾಲೀಮು ನಡೆಸುವವರು ಎಲ್ಲರ ಕಣ್ಣಿಗೆ ಬೀಳುವ ಹಾಗೆ ಉಡುಪು ಹಾಕಿ, ಕೂಗಾಡಿ, ಪೊಲೀಸರ ಕೈಗೆ ತಮ್ಮ ಹೆಸರು ವಿಳಾಸ ಕೊಟ್ಟು ಬರುತ್ತಾರಂತೆ.

ಎಲ್ಲಕ್ಕಿಂತ ಮುಖ್ಯವಾದದ್ದು ಅವರನ್ನು ಪುನಃ ಹತ್ತಿಸಿದ ವಿಷಯ. ಸರಕಾರ ಮೆತ್ತಗಾಗಿದೆ ಎಂಬುದಕ್ಕೆ ಪತ್ರ ಅದನ್ನೇ ಸಾಕ್ಷಿಯಾಗಿ ಹಿಡಿದಿತ್ತು. ಆದರೆ ಆ ವರ್ಷದ ಅಮೆರಿಕದ ವಿಮಾನ ನಿಲ್ದಾಣ ಹೇಗಿತ್ತು ಎಂದು ತಿಳಿಯಲು ಅದೇ ಏರ್‌ಟ್ರಾನ್ ಕಂಪೆನಿಯ ಇನ್ನೊಂದು ಪ್ರಕರಣ ಸಾಕು. 2009ರ ಜನವರಿ 1ರಂದು ವಾಷಿಂಗ್ಟನ್‌ನ ರೇಗನ್ ನಿಲ್ದಾಣದಿಂದ ಒರ್ಲಾಂಡೊಗೆ ಹೊರಟ ವಿಮಾನದಲ್ಲಿ ಒಂದು ಮುಸ್ಲಿಂ ಕುಟುಂಬ ಇತ್ತು. ಚಿಕ್ಕ ಮಕ್ಕಳೂ ಇದ್ದರು. ಸೀಟಿಗೆ ಹೋಗುತ್ತಾ ಅವರಲ್ಲೊಬ್ಬರು ವಿಮಾನದಲ್ಲಿ ಎಲ್ಲಿ ಕೂತರೆ ಹೆಚ್ಚು ಸುರಕ್ಷಿತ, ರೆಕ್ಕೆಯ ಹತ್ತಿರವೋ ಎಂಜಿನ್ ಹತ್ತಿರವೋ ಎಂದು ಮಾತಾಡಿದರು. ನಮ್ಮಲ್ಲಿ ಮೊದಲ ಸಲ ವಿಮಾನ ಹತ್ತುವ ಪ್ರತಿಯೊಬ್ಬರೂ ಕೇಳುವ ಪ್ರಶ್ನೆ ಅದು. ಪಕ್ಕದವರು ಕೇಳಿಸಿಕೊಂಡರು, ಸಿಬ್ಬಂದಿಗೆ ಹೇಳಿದರು. ಒಟ್ಟು ಒಂಬತ್ತು ಮುಸ್ಲಿಂ ಪ್ರಯಾಣಿಕರನ್ನು ಇಳಿಸಿದರು. ಎಫ್‌ಬಿಐ ವಿಚಾರಣೆ ಮಾಡಿ, ಇವರಲ್ಲಿ ಏನೂ ಇಲ್ಲ, ಹೋಗಬಹುದು ಎಂದಿತು. ಹಾಗಿದ್ದೂ ಕಂಪೆನಿ ಅವರಿಗೆ ಬೇರೆ ವಿಮಾನದಲ್ಲಿ ಸೀಟು ಕೊಡಲಿಲ್ಲ. ಸುದ್ದಿ ದೊಡ್ಡದಾದ ಮೇಲೆ ಮರುದಿನ ಕ್ಷಮೆ ಕೇಳಿತು.

ಸೀಟಿನ ಬಗ್ಗೆ ಮಾತಾಡಿದ್ದಕ್ಕೇ ಮಕ್ಕಳು ಮರಿ ಸಮೇತ ಇಳಿಸಿದ ಕಾಲದಲ್ಲಿ, ಅದೇ ಕಂಪೆನಿ, ಗಗನಸಖಿಯ ಮೇಲೆ ಎಗರಿದ ಹನ್ನೊಂದು ಜನರನ್ನು ಒಂದೆರಡು ಗಂಟೆಯೊಳಗೆ ಮರ್ಯಾದೆಯಿಂದ ವಾಪಸ್ ಕೂರಿಸಿತು ಎಂದರೆ ನಂಬುವುದು ಹೇಗೆ? ಪುನಃ ಹತ್ತಿಸಿದ್ದು ಸರಕಾರ ಮೆತ್ತಗಾದದ್ದರಿಂದಲ್ಲ. ಹುಡುಕಿದವರಿಗೆ ಏನೂ ಸಿಗದ್ದರಿಂದ.

ಈ ಪತ್ರಕ್ಕೆ ಹೊಸತಾಗಿ ಕಲ್ಪಿಸಬೇಕಾದ್ದು ಹೆಚ್ಚೇನೂ ಇರಲಿಲ್ಲ. ಸಾಮಗ್ರಿ ಅಟ್ಟದ ಮೇಲೆ ರೆಡಿ ಇತ್ತು. 2006ರ ನವೆಂಬರ್ 20ರಂದು ಮಿನ್ನಿಯಾಪೊಲಿಸ್‌ನಲ್ಲಿ ಸಮ್ಮೇಳನ ಮುಗಿಸಿ ಫೀನಿಕ್ಸ್‌ಗೆ ಹೊರಟ ಆರು ಇಮಾಮರನ್ನು ಯುಎಸ್ ಏರ್‌ವೇಸ್ ವಿಮಾನದಿಂದ ಇಳಿಸಿದ್ದರು. ಅವರು ಗೇಟಿನ ಹತ್ತಿರ ನಮಾಝ್ ಮಾಡಿದ್ದು ಕೆಲವರಿಗೆ ಸಂಶಯ ತಂದಿತ್ತು. ವಿಚಾರಣೆ ಮುಗಿಸಿ ಬಿಟ್ಟರು. ಇಮಾಮರು ಕೋರ್ಟಿಗೆ ಹೋದರು, 2009ರಲ್ಲಿ ರಾಜಿಯಾಯಿತು.

ಅದಕ್ಕೂ ಮೊದಲು, 2004ರ ಜೂನ್ 29ರಂದು, ಡೆಟ್ರಾಯಿಟ್‌ನಿಂದ ಲಾಸ್ ಏಂಜಲೀಸ್‌ಗೆ ಹೋದ ನಾರ್ತ್‌ವೆಸ್ಟ್ ಕಂಪೆನಿಯ 327 ನಂಬರಿನ ವಿಮಾನದ ಕತೆ. ಇದರಲ್ಲಿ ಬರೆದ ಪತ್ರಕರ್ತೆ ನಿಜವಾಗಿಯೂ ವಿಮಾನದಲ್ಲಿ ಇದ್ದರು. ಅರಬರಂತೆ ಕಾಣುವ ಹದಿನಾಲ್ಕು ಗಂಡಸರು ಮತ್ತೆ ಮತ್ತೆ ಶೌಚಾಲಯಕ್ಕೆ ಹೋಗಿ ಬರುತ್ತಿದ್ದರು, ನಡುವಿನ ದಾರಿಯಲ್ಲಿ ಗುಂಪುಗೂಡುತ್ತಿದ್ದರು, ಒಬ್ಬರಿಗೊಬ್ಬರು ಕಣ್ಸನ್ನೆ ಮಾಡುತ್ತಿದ್ದರು ಎಂದು ಅವರು ಉದ್ದಕ್ಕೆ ಬರೆದರು. ಇದೂ ಒಂದು ತಾಲೀಮು ಇರಬಹುದು ಎಂದರು. ಕೆಳಗಿಳಿದಾಗ ಅಧಿಕಾರಿಗಳು ಕಾದಿದ್ದರು. ವಿಚಾರಿಸಿದರೆ ಆ ಗಂಡಸರು ಸಿರಿಯಾದ ಗಾಯಕರೊಬ್ಬರ ಜೊತೆಗೆ ವಾದ್ಯ ನುಡಿಸುವವರು, ಕ್ಯಾಲಿಫೋರ್ನಿಯಾದ ಕಾರ್ಯಕ್ರಮಕ್ಕೆ ಹೊರಟವರು. ಆ ಪತ್ರಕರ್ತೆ ಕಂಡದ್ದು ಸುಳ್ಳಲ್ಲ. ಒಂದೇ ತಂಡದ ಹದಿನಾಲ್ಕು ಜನ ನಾಲ್ಕೈದು ಗಂಟೆಯ ಪ್ರಯಾಣದಲ್ಲಿ ಎದ್ದು ಓಡಾಡುತ್ತಾರೆ, ಒಬ್ಬರ ಸೀಟಿನ ಹತ್ತಿರ ಇನ್ನೊಬ್ಬರು ಬಂದು ನಿಲ್ಲುತ್ತಾರೆ. ನಮ್ಮ ದಫ್ ತಂಡದ ಹುಡುಗರನ್ನು ವಿಮಾನದಲ್ಲಿ ಅಬುಧಾಬಿಗೆ ಕರೆದುಕೊಂಡು ಹೋದವರನ್ನು ಕೇಳಿ, ಸುಮ್ಮನೆ ಕೂರಿಸಲು ಎಷ್ಟು ಕಷ್ಟ ಎಂದು ಹೇಳುತ್ತಾರೆ. ಕಂಡದ್ದರ ಮೇಲೆ ಕಟ್ಟಿದ ಅರ್ಥ ಮಾತ್ರ ಬೇರೆ.

ಹೀಗೆ ಮೂರು ಕಡೆಯಿಂದ ಬಂದ ತುಂಡುಗಳು 297ರ ಪತ್ರದಲ್ಲಿ ಒಂದಾದವು. ಉಡುಪು ಅಲ್ಲಿಂದ, ಬೇರೆ ಬೇರೆ ಕಡೆ ಕೂತದ್ದು ಇಲ್ಲಿಂದ, ಎದ್ದು ಓಡಾಡಿದ್ದು ಇನ್ನೊಂದರಿಂದ. ಹಿಂದೆ ಎಲ್ಲೋ ಕೇಳಿದ ಹಾಗೆ ಉಂಟಲ್ಲ ಎಂದು ಅನ್ನಿಸಿದ ಕತೆಯನ್ನು ಜನ ಬೇಗ ನಂಬುತ್ತಾರೆ. ಹಾಗೆ ಅನ್ನಿಸಿದಾಗಲೇ ಹೆಚ್ಚು ಹುಷಾರಾಗಬೇಕಿತ್ತು.

ಪಟ್ಟಿ ಸುಳ್ಳು ಹೇಳುವುದಿಲ್ಲ

ವಿಮಾನದ ಗಾಳಿಮಾತಿನಲ್ಲಿ ಒಂದು ಅನುಕೂಲ ಉಂಟು. ಲೋಕದಲ್ಲಿ ವಿಮಾನದಷ್ಟು ಲೆಕ್ಕ ಇಟ್ಟುಕೊಂಡು ನಡೆಯುವ ವಾಹನ ಇನ್ನೊಂದಿಲ್ಲ. ಮದುವೆಗೆ ಹೋದ ಟೆಂಪೊದಲ್ಲಿ ಎಷ್ಟು ಜನ ಇದ್ದರು ಎಂದು ಡ್ರೈವರನಿಗೂ ಗೊತ್ತಿರುವುದಿಲ್ಲ. ವಿಮಾನದಲ್ಲಿ ಹಾಗಲ್ಲ. ಯಾರು ಹತ್ತಿದರು, ಯಾವ ಸೀಟು, ಬಾಗಿಲು ಎಷ್ಟು ಗಂಟೆಗೆ ಮುಚ್ಚಿತು, ಗೇಟಿನಿಂದ ಯಾವಾಗ ಹಿಂದೆ ಸರಿಯಿತು, ಪೈಲಟ್ ಟವರಿಗೆ ಏನು ಹೇಳಿದ, ಎಲ್ಲವೂ ಎಲ್ಲೋ ಒಂದು ಕಡೆ ದಾಖಲಾಗಿರುತ್ತದೆ. ಬ್ಯಾಗು ಕೊಟ್ಟ ಪ್ರಯಾಣಿಕ ಗೇಟಿಗೆ ಬರಲಿಲ್ಲವಾದರೆ ಅವನ ಹೆಸರನ್ನು ಮೈಕಿನಲ್ಲಿ ಮತ್ತೆ ಮತ್ತೆ ಕೂಗುವುದನ್ನು ಬಜ್ಪೆಯಲ್ಲಿ ಕಾದು ಕೂತ ಎಲ್ಲರೂ ಕೇಳಿದ್ದೇವೆ. ಕೊನೆಗೂ ಬಾರದಿದ್ದರೆ ಹೊಟ್ಟೆಯೊಳಗಿನ ಅಷ್ಟೂ ಬ್ಯಾಗುಗಳ ನಡುವೆ ಅವನದನ್ನು ಹುಡುಕಿ ಕೆಳಗಿಳಿಸುತ್ತಾರೆ. ಅಷ್ಟು ಕಟ್ಟುನಿಟ್ಟು. ಇಮೇಲ್ ಬರೆದಾತ ಸಿಕ್ಕಿಬಿದ್ದದ್ದು ಇಂಥ ಒಂದು ಪಟ್ಟಿಯಲ್ಲೇ.

ಪಟ್ಟಿಯ ಬೆಲೆ ನಮ್ಮ ಊರಿಗೆ ಗೊತ್ತು. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ರನ್‌ವೇ ದಾಟಿ ಕೆಂಜಾರಿನ ಕಣಿವೆಗೆ ಬಿದ್ದಾಗ ಮನೆಮನೆಯವರು ಮೊದಲು ಹುಡುಕಿದ್ದು ಪಟ್ಟಿಯನ್ನು. 160 ಪ್ರಯಾಣಿಕರು, 6 ಸಿಬ್ಬಂದಿ. ಉಳಿದವರು 8 ಜನ, ಹೋದವರು 158. ಅಂಥ ದಿನಗಳಲ್ಲಿ ಬಾಯಿಂದ ಬಾಯಿಗೆ ಏನೆಲ್ಲ ಹರಿಯುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ, ಆ ಮನೆಗಳವರು ಈಗಲೂ ಈ ಪುಟ ಓದುತ್ತಾರೆ. ಕೊನೆಗೆ ನಿಂತದ್ದು ವಿಮಾನದೊಳಗಿನ ಧ್ವನಿಮುದ್ರಿಕೆ ಹೇಳಿದ್ದು. ನಿವೃತ್ತ ಏರ್ ಮಾರ್ಷಲ್ ಗೋಖಲೆಯವರ ನೇತೃತ್ವದ ತನಿಖೆ ಅದನ್ನು ಕೇಳಿ, ಇಳಿಯುವ ಕ್ರಮ ಸರಿಯಿಲ್ಲದಿದ್ದರೂ ಕ್ಯಾಪ್ಟನ್ ಅದನ್ನು ಕೈಬಿಡಲಿಲ್ಲ, ಪಕ್ಕದ ಪೈಲಟ್ ಮೂರು ಸಲ ಮೇಲೇರುವ ಎಂದರೂ ಕೇಳಲಿಲ್ಲ ಎಂದು ಬರೆಯಿತು. ಕಹಿ ಮಾತು, ಆದರೆ ಯಾರದೋ ಸೋದರನ ಸ್ನೇಹಿತ ಹೇಳಿದ ಮಾತಲ್ಲ.

ಈಗಂತೂ ಮನೆಯಲ್ಲಿ ಕೂತೇ ನೋಡಬಹುದು. ಫ್ಲೈಟ್‌ರಾಡಾರ್24ನಂಥ ಆಪ್‌ಗಳಲ್ಲಿ ವಿಮಾನ ಎಲ್ಲಿ ಹಾರುತ್ತಿದೆ, ಎಲ್ಲಿ ತಿರುಗಿತು ಎಂದು ಕಾಣುತ್ತದೆ. ಪೈಲಟ್‌ಗಳು ಆಪತ್ತಿನಲ್ಲಿ ಟ್ರಾನ್ಸ್‌ಪಾಂಡರ್ ಎಂಬ ಯಂತ್ರಕ್ಕೆ ಹಾಕುವ ಸಂಖ್ಯೆಗಳಿವೆ: ಅಪಹರಣಕ್ಕೆ 7500, ರೇಡಿಯೊ ಕೆಟ್ಟರೆ 7600, ಬೇರೆ ಯಾವುದೇ ತುರ್ತಿಗೆ 7700. ಗಲ್ಫ್‌ನಲ್ಲಿರುವ ನಮ್ಮ ಹುಡುಗರಲ್ಲಿ ಮನೆಯವರ ವಿಮಾನವನ್ನು ಫೋನಿನಲ್ಲಿ ಹಿಂಬಾಲಿಸದವರು ಕಡಿಮೆ. ವಿಮಾನ ಸಮುದ್ರದ ಮೇಲೆ ಅಪಹರಣವಾಯಿತಂತೆ ಎಂದು ಧ್ವನಿ ಸಂದೇಶ ಬಂದಾಗ ಮಾತ್ರ ಅದೇ ಆಪ್ ತೆರೆಯಲು ಬೆರಳು ಬರುವುದಿಲ್ಲ, ಫಾರ್ವರ್ಡ್ ಒತ್ತಲು ಬರುತ್ತದೆ.

ನಮ್ಮ ಮಂಗಳೂರಿನಲ್ಲೇ ಒಂದು ಪ್ರಕರಣ ನಡೆಯಿತು, ನೆನಪಿರಬಹುದು. 2022ರ ಆಗಸ್ಟ್ 14, ಸ್ವಾತಂತ್ರ್ಯೋತ್ಸವದ ಹಿಂದಿನ ದಿನ. ಮುಂಬೈಗೆ ಹೊರಟ ವಿಮಾನದಲ್ಲಿ ಒಬ್ಬ ಮಹಿಳೆಯ ಕಣ್ಣಿಗೆ ಇನ್ನೊಬ್ಬ ಪ್ರಯಾಣಿಕನ ಫೋನಿನ ಪರದೆ ಬಿತ್ತು. ಅದರಲ್ಲಿ ಬಾಂಬಿನ ಮಾತು. ಆಕೆ ಸಿಬ್ಬಂದಿಗೆ ತಿಳಿಸಿದರು. ಹಾರಲು ಸಿದ್ಧವಾಗಿದ್ದ ವಿಮಾನ ವಾಪಸ್ ಬಂತು, ಎಲ್ಲರನ್ನೂ ಇಳಿಸಿದರು, ಬ್ಯಾಗುಗಳನ್ನೆಲ್ಲ ತಪಾಸಣೆ ಮಾಡಿದರು. ಆ ಯುವಕ ಅದೇ ನಿಲ್ದಾಣದಿಂದ ಬೆಂಗಳೂರಿಗೆ ಹೊರಟಿದ್ದ ಗೆಳತಿಯ ಜೊತೆ ಭದ್ರತೆಯ ವಿಷಯದಲ್ಲಿ ತಮಾಷೆಯಾಗಿ ಮೆಸೇಜ್ ಮಾಡುತ್ತಿದ್ದ, ಅಷ್ಟೇ. ಸುಮಾರು ಆರು ಗಂಟೆ ತಡವಾಗಿ 185 ಪ್ರಯಾಣಿಕರ ವಿಮಾನ ಹೊರಟಿತು. ಅವನನ್ನು ಅದರಲ್ಲಿ ಬಿಡಲಿಲ್ಲ, ಅವಳ ಬೆಂಗಳೂರು ವಿಮಾನವೂ ತಪ್ಪಿತು.

ಆ ಮಹಿಳೆಯನ್ನು ದೂರುವವರು ಇದ್ದರು. ಬೇರೆಯವರ ಫೋನು ಇಣುಕಿ ನೋಡುವುದು ಒಳ್ಳೆಯ ಅಭ್ಯಾಸ ಅಲ್ಲ, ಸರಿ. ಆದರೆ ಒಂದು ವಿಷಯದಲ್ಲಿ ಆಕೆ ಮಾಡಿದ್ದು 297ರ ಬರಹಗಾರ ಮಾಡಿದ್ದಕ್ಕೆ ಪೂರ್ತಿ ಉಲ್ಟಾ. ಆಕೆ ತನ್ನ ಸಂಶಯವನ್ನು ಹೇಳಿದ್ದು ಅದನ್ನು ಪರೀಕ್ಷೆ ಮಾಡಬಲ್ಲವರಿಗೆ. ಸಿಬ್ಬಂದಿ ಟವರಿಗೆ ಹೇಳಿದರು, ಭದ್ರತೆಯವರು ಬಂದರು, ಪೊಲೀಸರು ಇಬ್ಬರನ್ನೂ ಕೂರಿಸಿ ಕೇಳಿದರು, ಸಂಜೆಯೊಳಗೆ ವಿಷಯ ಇತ್ಯರ್ಥ. ಇಂಥ ಸಂದರ್ಭಕ್ಕೆಂದೇ ನಮ್ಮ ವಿಮಾನ ನಿಲ್ದಾಣಗಳಲ್ಲಿ ಬಾಂಬ್ ಬೆದರಿಕೆ ಪರಿಶೀಲನಾ ಸಮಿತಿ ಎಂಬುದಿದೆ. ಬಂದ ಬೆದರಿಕೆ ನಿರ್ದಿಷ್ಟವಾದದ್ದೋ ಸುಮ್ಮನೆ ಬಾಯಿಮಾತೋ ಎಂದು ತೀರ್ಮಾನಿಸುವುದು ಅದರ ಕೆಲಸ. 297ರ ಬರಹಗಾರ ಹೇಳಿದ್ದು ಪರೀಕ್ಷೆ ಮಾಡಲು ಸಾಧ್ಯವೇ ಇಲ್ಲದವರಿಗೆ. ಹ್ಯೂಸ್ಟನ್‌ನಲ್ಲಿ ಅಡುಗೆ ಮನೆಯಲ್ಲಿ ಕೂತು ಪತ್ರ ಓದಿದವನು ಎಲ್ಲಿಗೆ ಹೋಗಿ ವಿಚಾರಿಸಬೇಕು? ಹಾಗಾಗಿ ಮಂಗಳೂರಿನ ಸಂಶಯ ಆರು ಗಂಟೆಯಲ್ಲಿ ಮುಗಿಯಿತು. ಅಟ್ಲಾಂಟದ್ದು ಮುಗಿದೇ ಇಲ್ಲ. ಏರ್‌ಟ್ರಾನ್ ಕಂಪೆನಿಯನ್ನು ಸೌತ್‌ವೆಸ್ಟ್ ಕೊಂಡುಕೊಂಡಿತು, 2014ರ ಡಿಸೆಂಬರ್ 28ರಂದು ಅದರ ಕೊನೆಯ ವಿಮಾನ ಅಟ್ಲಾಂಟದಿಂದ ಟ್ಯಾಂಪಾಕ್ಕೆ ಹಾರಿತು. ಕಂಪೆನಿಯೇ ಇಲ್ಲವಾದ ಮೇಲೂ ಪತ್ರಕ್ಕೆ ಓದುಗರಿದ್ದರು.

ನಮ್ಮ ಗುಂಪುಗಳ ಕತೆ

ಇಷ್ಟು ಓದಿ, ನೋಡಿದಿರಾ, ಎಲ್ಲ ಕಡೆಯೂ ನಮ್ಮ ಮೇಲೆಯೇ ಸುಳ್ಳು ಕಟ್ಟುತ್ತಾರೆ ಎಂದು ಕೆಲವರು ತಲೆ ಅಲ್ಲಾಡಿಸಬಹುದು. ಸ್ವಲ್ಪ ನಿಲ್ಲಿ. ನಮ್ಮ ಮನೆಯವರ ಫೋನಿನಲ್ಲೂ ವಿಮಾನದ ಕತೆಗಳಿವೆ. ಆಕಾಶದಲ್ಲಿ ಎರಡೂ ಎಂಜಿನ್ ನಿಂತುಹೋದ ವಿಮಾನ. ಎಲ್ಲರೂ ಅಳುತ್ತಿದ್ದಾರೆ. ಒಬ್ಬ ಹಾಫಿಝ್ ಹುಡುಗ ಎದ್ದು ನಿಂತು ಓದತೊಡಗುತ್ತಾನೆ. ಎಂಜಿನ್ ತನ್ನಿಂತಾನೇ ಚಾಲೂ ಆಗುತ್ತದೆ, ಕೆಳಗಿಳಿದ ಪೈಲಟ್ ಅಲ್ಲೇ ಶಹಾದತ್ ಹೇಳುತ್ತಾನೆ. ಯಾವ ಕಂಪೆನಿ, ಎಲ್ಲಿಂದ ಎಲ್ಲಿಗೆ, ಯಾವ ತಾರೀಕು? ಒಂದೂ ಇಲ್ಲ. ಕೇಳಿದರೆ, ಒಳ್ಳೆಯ ವಿಷಯ ಅಲ್ವಾ, ಸುಳ್ಳಾದರೂ ಎಂತ ನಷ್ಟ ಎನ್ನುತ್ತಾರೆ.

ನಷ್ಟ ಉಂಟು. ಹೆಸರು ತಾರೀಕು ಕೇಳದೆ ನಂಬುವುದು ಒಂದು ಅಭ್ಯಾಸ. ಇಷ್ಟವಾದ ಕತೆಯ ಮೇಲೆ ಕಲಿತ ಅಭ್ಯಾಸ ಇಷ್ಟವಿಲ್ಲದ ಕತೆ ಬಂದಾಗ ಬಿಟ್ಟುಹೋಗುವುದಿಲ್ಲ. ಇಂಥದನ್ನೇ ಪಕ್ಕದ ಮನೆಯವರು ನಮ್ಮ ಬಗ್ಗೆ ನಂಬಿದಾಗ ಯಾವ ಬಾಯಿಂದ ಕೇಳುವುದು, ಆಧಾರ ಎಲ್ಲಿ ಎಂದು? ಸುದ್ದಿ ತಂದವನನ್ನು ವಿಚಾರಿಸದೆ ಹೆಜ್ಜೆ ಇಟ್ಟು ಗೊತ್ತಿಲ್ಲದವರಿಗೆ ಕೇಡು ಮಾಡಬೇಡಿ ಎಂಬ ತಾತ್ಪರ್ಯದ ಎಚ್ಚರಿಕೆ ಸೂರಾ ಹುಜುರಾತ್‌ನಲ್ಲಿ ಇರುವುದು ಮದ್ರಸದ ಮಕ್ಕಳಿಗೂ ಗೊತ್ತು. ಗ್ರೂಪ್ ಅಡ್ಮಿನ್‌ಗಳಿಗೆ ಗೊತ್ತಿಲ್ಲ ಎಂದು ನಾವು ಹೇಳುವುದಿಲ್ಲ.

ಎಂಜಿನ್ ನಿಂತ ವಿಮಾನ ಇಳಿದ ನಿಜ ಕತೆಗಳು ಬೇಕಿದ್ದರೆ ಅವೂ ಇವೆ, ಕಟ್ಟುಕತೆಗಿಂತ ಚೆನ್ನಾಗಿಯೇ ಇವೆ. 2001ರ ಆಗಸ್ಟ್ 24ರಂದು ಏರ್ ಟ್ರಾನ್ಸಾಟ್ ಕಂಪೆನಿಯ 236ನೇ ವಿಮಾನ ಅಟ್ಲಾಂಟಿಕ್ ಸಾಗರದ ಮೇಲೆ ಇಂಧನ ಸೋರಿ ಎರಡೂ ಎಂಜಿನ್ ಕಳೆದುಕೊಂಡು, ಗಾಳಿಪಟದ ಹಾಗೆ ತೇಲುತ್ತಾ ಅಝೋರ್ಸ್ ದ್ವೀಪದಲ್ಲಿ ಇಳಿಯಿತು. ಒಳಗಿದ್ದ 306 ಜನರೂ ಉಳಿದರು. 2009ರ ಜನವರಿ 15ರಂದು ನ್ಯೂಯಾರ್ಕ್‌ನಲ್ಲಿ ಹಕ್ಕಿಗಳ ಹಿಂಡು ಬಡಿದ ಯುಎಸ್ ಏರ್‌ವೇಸ್ 1549 ಹಡ್ಸನ್ ನದಿಯ ನೀರಿನ ಮೇಲೆಯೇ ಇಳಿಯಿತು, 155 ಜನರೂ ಬದುಕಿದರು. ಒಳಗೆ ಎಷ್ಟು ಜನ ಎಷ್ಟು ಭಾಷೆಯಲ್ಲಿ ದೇವರನ್ನು ಕರೆದರೋ, ಅದು ಅವರವರಿಗೆ ಗೊತ್ತು. ಆದರೆ ಈ ಕತೆಗಳಿಗೆ ನಂಬರ್ ಉಂಟು, ದಿನ ಉಂಟು, ತನಿಖೆಯ ವರದಿ ಉಂಟು. ಹಾಗೆಂದು ನಂಬರ್ ಇದ್ದ ಕೂಡಲೇ ನಂಬಿ ಎಂದಲ್ಲ, 297ಕ್ಕೂ ನಂಬರ್ ಇತ್ತು. ನಂಬರ್ ಸಿಕ್ಕಿದರೆ ವಿಚಾರಿಸಲು ಒಂದು ಬಾಗಿಲು ಸಿಕ್ಕಿತು, ಅಷ್ಟೇ. ವೀಡಿಯೊ ಬಂದರೆ ಇನ್ನೂ ಜಾಗ್ರತೆ. ರೆಕ್ಕೆ ರನ್‌ವೇಗೆ ತಾಗುತ್ತಾ ಇಳಿಯುವ ವಿಮಾನ ಎಂದು ಬರುವ ಎಷ್ಟೋ ದೃಶ್ಯಗಳು ಕಂಪ್ಯೂಟರ್ ಗೇಮಿನವು. ಮನೆಯ ಚಿಕ್ಕ ಹುಡುಗನಿಗೆ ತೋರಿಸಿದರೆ ಗೇಮಿನ ಹೆಸರು ಸಮೇತ ಹೇಳುತ್ತಾನೆ.

ಈ ಎಲ್ಲದರ ನಡುವೆ ನಮಗೆ ಮತ್ತೆ ಮತ್ತೆ ನೆನಪಾಗುವುದು 297ರಲ್ಲಿ ಫೋನೋ ಕ್ಯಾಮರಾವೋ ಹಿಡಿದು ಕೂತಿದ್ದ ಆ ಒಬ್ಬ ಮನುಷ್ಯ. ಅವನ ಹೆಸರು ಯಾರಿಗೂ ಬೇಕಾಗಲಿಲ್ಲ. ಅವನು ಎಂತ ಹೇಳಿದ ಎಂದು ಯಾರೂ ಪತ್ರ ಬರೆಯಲಿಲ್ಲ. ಎದುರು ನಿಂತ ಹೆಂಗಸು ಏನೋ ಹೇಳುತ್ತಿದ್ದಾಳೆ, ಧ್ವನಿ ಏರುತ್ತಿದೆ, ಸುತ್ತಲಿನವರು ತಿರುಗಿ ನೋಡುತ್ತಿದ್ದಾರೆ, ಮಾತು ಮಾತ್ರ ಅರ್ಥವಾಗುತ್ತಿಲ್ಲ. ಆ ಸೀಟಿನಲ್ಲಿ ನಮ್ಮ ಉಮ್ಮನನ್ನು ಕೂರಿಸಿ ನೋಡಿ. ಬ್ಯಾರಿ ಗೊತ್ತು, ತುಳು ಗೊತ್ತು, ಸಿಬ್ಬಂದಿ ಮಾತಾಡುವುದು ಹಿಂದಿ ಮತ್ತು ಇಂಗ್ಲಿಷ್. ಮಗಳು ವೀಡಿಯೊ ಕಾಲ್ ಹಾಕಿ, ಸೀಟು ಸಿಕ್ಕಿತಾ ಉಮ್ಮಾ, ಕಿಟಕಿ ಪಕ್ಕವಾ ಎಂದು ಕೇಳುತ್ತಿದ್ದಾಳೆ. ಮೊಮ್ಮಗು ಟಾಟಾ ಮಾಡುತ್ತಿದೆ. ಬಾಗಿಲು ಮುಚ್ಚಿ ಆಗಿದೆ. ಫೋನು ಇಡುವುದು ಹೇಗೆ?

ಹಾಗಾಗಿ ಮುಂದಿನ ರಜೆಗೆ ಹಿರಿಯರನ್ನು ಒಬ್ಬರನ್ನೇ ದುಬೈಗೋ ಜಿದ್ದಾಕ್ಕೋ ಕಳಿಸುವವರು ಒಂದೆರಡು ಸಣ್ಣ ಕೆಲಸ ಮಾಡಿದರೆ ಒಳ್ಳೆಯದು. ಏರೋಪ್ಲೇನ್ ಮೋಡ್ ಹಾಕುವುದನ್ನು ಮನೆಯಲ್ಲೇ ನಾಲ್ಕು ಸಲ ಮಾಡಿಸಿ, ಆ ವಿಮಾನದ ಗುರುತು ಎಲ್ಲಿ ಉಂಟು ಎಂದು ಅವರ ಬೆರಳಿಗೇ ಗೊತ್ತಾಗಲಿ. ಹತ್ತಿದ ಮೇಲೆ ಮನೆಯಿಂದ ಯಾರೂ ಕಾಲ್ ಮಾಡುವುದು ಬೇಡ. ಭಾಷೆ ಬಾರದವರು, ಸಹಾಯ ಬೇಕು ಎಂದು ಟಿಕೆಟ್ ಮಾಡಿಸುವಾಗಲೇ ಏಜೆಂಟರಿಗೆ ಹೇಳಿ. ಗೇಟಿನ ಹತ್ತಿರ ಊರಿನ ಹುಡುಗರು ಯಾರಾದರೂ ಕಂಡರೆ, ಮೋನೇ, ನನ್ನ ಸೀಟಿನ ಹತ್ತಿರ ಒಮ್ಮೆ ಬಂದು ನೋಡು ಎಂದು ಹೇಳಿಡಲು ಉಮ್ಮನಿಗೆ ತಿಳಿಸಿ. ಮಂಗಳೂರಿನ ವಿಮಾನದಲ್ಲಿ ಅಂಥ ಒಬ್ಬ ಹುಡುಗ ಸಿಗದೆ ಇರುವುದಿಲ್ಲ.